ಪಾವಿನವಳ ಕೂಸು

ನಮ್ಮೂರಲ್ಲಿ ಹೊಟ್ಟೆ ತುಂಬಿದ ಕೂಸು ಮೇಲಕ್ಕೇಳುತ್ತದೆ. ತಾಯಿಯ ಹಾಲು ಕುಡಿದು, ಒಂದು ತೇಗು ತೇಗಿ, ಕಣ್ಣು ಅರ್ಧ ಮುಚ್ಚಿಕೊಂಡು, ತೊಡೆಯ ಮೇಲಿಂದ ಮೆಲ್ಲಗೆ ಎದ್ದು ಒಂದು ಗೇಣೋ ಒಂದು ಮೊಳವೋ ಮೇಲೆ ಹೋಗಿ ಅಲ್ಲೇ ನಿದ್ದೆ ಮಾಡುತ್ತದೆ. ಹಸಿವಾಗುತ್ತ ಬಂದ ಹಾಗೆ ತಾನೇ ಇಳಿಯುತ್ತದೆ. ಮೊದಲನೇ ತುತ್ತು ಅನ್ನ ನಾಲಿಗೆಗೆ ಬಿದ್ದ ದಿನ ಈ ಭಾಗ್ಯ ಮುಗಿಯಿತು, ಆಮೇಲೆ ಎಷ್ಟು ತಿಂದರೂ ನೆಲವೇ ಗತಿ. ಇಲ್ಲದಿದ್ದರೆ ನನ್ನ ಗಂಡ ತಿನ್ನುವ ಮುದ್ದೆಗೆ ಅವನು ಇಷ್ಟು ಹೊತ್ತಿಗೆ ಮೋಡದ ಮೇಲಿರಬೇಕಿತ್ತು.

ನಮ್ಮೂರಿನ ಸಂತೆಯನ್ನು ನೀವು ನೋಡಬೇಕು. ಹೆಂಗಸರು ಕೂತು ಬದನೆಕಾಯಿ ಆರಿಸುತ್ತಿದ್ದರೆ ಅವರವರ ತಲೆಯ ಮೇಲೆ ಅವರವರ ಕೂಸು, ಕೂಸಿನ ಕಾಲಿಗೊಂದು ದಾರ, ದಾರದ ಇನ್ನೊಂದು ತುದಿ ತಾಯಿಯ ಸೊಂಟದಲ್ಲಿ. ಇಬ್ಬರು ನಿಂತು ಮಾತಿಗಿಳಿದರೆ ಮೇಲೆ ದಾರ ಸಿಕ್ಕಾಗುತ್ತದೆ. ಬಿಡಿಸುವಷ್ಟರಲ್ಲಿ ಇನ್ನೂ ಅಷ್ಟು ಮಾತು. ಮೇಲಿನಿಂದ ಉಚ್ಚೆ ಹೊಯ್ದರೆ ಕೆಳಗಿದ್ದವರಿಗೆ ಒಳ್ಳೆಯದಾಗುತ್ತದೆ ಅನ್ನುತ್ತೇವೆ. ಬೇರೆ ಏನು ಅನ್ನಲು ಬರುತ್ತದೆ, ಹೇಳಿ? ಗಾಳಿ ಜೋರಾಗಿರುವ ದಿನ ಕೂಸನ್ನು ಹೊರಗೆ ತರುವುದಿಲ್ಲ. ಕೂಸಿರುವ ಮನೆಯ ಸೂರಿಗೆ ಹತ್ತಿ ತುಂಬಿದ ಮೆತ್ತೆ ಕಟ್ಟಿಸುತ್ತಾರೆ, ತೊಲೆಗೆ ತಲೆ ತಾಗದಿರಲಿ ಎಂದು. ನನ್ನ ಗಂಡ ಚಿಕ್ಕಣ್ಣನ ಕಸುಬೇ ಅದು. ಊರಿನ ಎಲ್ಲ ಮನೆಗಳ ಸೂರನ್ನೂ ಅವನು ಅಂಗಾತ ಮಲಗಿ ನೋಡಿದ್ದಾನೆ. ಯಾರ ಮನೆಯಲ್ಲಿ ಎಷ್ಟು ಜೇಡ ಇದೆ ಅಂತ ಕೇಳಿ, ಹೇಳುತ್ತಾನೆ.

ಈಗ ಅಳತೆಯ ಸುದ್ದಿಗೆ ಬರುತ್ತೇನೆ. ನಮ್ಮಲ್ಲಿ ಬಸುರಿಗೆ ಬಯಕೆ ಊಟ ಹಾಕಿ, ಬಳೆ ತೊಡಿಸಿ ಆದ ಮೇಲೆ ಲಿಂಗಾಜಮ್ಮ ಬರುತ್ತಿದ್ದಳು. ಊರಿಗೆಲ್ಲ ಅಜ್ಜಿಯಾದ ಮುದುಕಿ, ಸೊಂಟದ ಚೀಲದಲ್ಲಿ ದವಸ ಅಳೆಯುವ ಹಿತ್ತಾಳೆ ಅಳತೆಗಳು. ಚಟಾಕು, ಪಾವು, ಅಚ್ಚೇರು, ಸೇರು, ಒಂದಕ್ಕಿಂತ ಒಂದು ದೊಡ್ಡದು. ನೆರೆದ ಹೆಂಗಸರ ಎದುರಿಗೇ ಬಸುರಿಯ ಎದೆಗೆ, ಸೆರಗಿನ ಮೇಲೆಯೇ, ಒಂದೊಂದನ್ನೇ ಬೋರಲು ಹಾಕಿ ನೋಡುವಳು. ಯಾವುದು ಸರಿಯಾಗಿ ಕೂತಿತೋ ಅದನ್ನು ಕೂಗಿ ಹೇಳುವಳು. ಅಲ್ಲಿಂದ ಮುಂದೆ ಆ ಹೆಂಗಸು ಸೇರಿನವಳೋ, ಅಚ್ಚೇರಿನವಳೋ, ಪಾವಿನವಳೋ ಆಗಿಬಿಡುತ್ತಿದ್ದಳು. ಪಾತ್ರೆ ಎಷ್ಟು ದೊಡ್ಡದೋ ಹಾಲು ಅಷ್ಟು ಅನ್ನುವುದು ಊರಿನ ಲೆಕ್ಕ. ಹೆಣ್ಣು ನೋಡಲು ಬಂದವರೂ ಮುಖ ಕಡಿಮೆ ನೋಡುತ್ತಿದ್ದರು. ಹುಡುಗಿಯರು ರವಿಕೆಯೊಳಗೆ ಬಟ್ಟೆ ತುರುಕಿಕೊಂಡು ಬಾವಿಗೆ ಹೋಗುತ್ತಿದ್ದರು, ನೀರು ಸೇದುವಾಗ ಅದು ಜಾರಿ ಹೊಟ್ಟೆಗೆ ಬರುತ್ತಿತ್ತು.

ನಾನು ಹೇಗಿದ್ದೆ ಅಂದರೆ, ನನ್ನ ತಮ್ಮನ ಅಂಗಿ ನನಗೆ ಎಲ್ಲೂ ಬಿಗಿಯಾಗದೆ ಕೂರುತ್ತಿತ್ತು. ಬಸುರಿಯಾದ ಮೇಲೆ ಒಂದಿಷ್ಟು ಉಬ್ಬಿತು, ನಿಜ. ಆದರೂ ಹೆದರಿಕೆ. ಅಳತೆಯ ದಿನ ಗಂಡನ ಮೂಟೆಯಿಂದ ಎರಡು ಹಿಡಿ ಹತ್ತಿ ತೆಗೆದು ಒಳಗೆ ಸೇರಿಸಿಕೊಂಡು ಕೂತೆ. ಲಿಂಗಾಜಮ್ಮ ಸೇರನ್ನು ಇಟ್ಟಳು, ಅದು ಕೂತಿತು. ಹೆಂಗಸರೆಲ್ಲ "ಅರೆ!" ಅಂದರು. ಮುದುಕಿ ಸುಮ್ಮನಿರಬೇಕಲ್ಲ, ಬೆರಳಲ್ಲಿ ಒತ್ತಿದಳು. ಒತ್ತಿದ ಕಡೆ ಗುಂಡಿ ಬಿತ್ತು, ಗುಂಡಿ ಹಾಗೇ ನಿಂತಿತು.

"ಏನೇ ದೇವೀರಿ, ನಿನ್ನ ಗಂಡ ಸೂರಿಗೆ ಕಟ್ಟೋ ಮೆತ್ತೇನ ನಿಂಗೂ ಕಟ್ಟವ್ನಾ?" ಅಂತ ಎಳೆದಳು. ಹತ್ತಿ ಉದ್ದಕ್ಕೆ ಬಂತು. ನಗದವರು ಯಾರು? ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ನೀರು ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ಆಮೇಲೆ ಮುದುಕಿ ಪಾವನ್ನು ಇಟ್ಟು "ಪಾವೂ..." ಅಂತ ಬೀದಿಗೆ ಕೇಳಿಸುವ ಹಾಗೆ ರಾಗ ಎಳೆದಳು. "ಅದೂ ಸ್ವಲ್ಪ ಸಡ್ಲಾಯ್ತದೆ" ಅಂತ ಸೇರಿಸಿದಳು, ಅದು ಬೇಕಿತ್ತಾ?

ನಗು ಯಾಕೆ ನಿಂತುಹೋಯಿತು ಅಂದರೆ, ಪಾವಿನವಳಿಗೆ ಇನ್ನೊಂದು ಕಟ್ಟಳೆ ಇತ್ತು. ಹೆಸರಿಡುವ ದಿನದೊಳಗೆ ಕೂಸು ಏಳಬೇಕು. ಎದ್ದ ಕೂಸಿನ ಕಿವಿಯಲ್ಲಿ ಮಾತ್ರ ಸೋದರತ್ತೆ ಹೆಸರು ಹೇಳುವುದು. ಏಳದಿದ್ದರೆ ಹೆಸರಿಲ್ಲ, ಕೂಸನ್ನು ಯಾರಾದರೂ ಸೇರಿನವಳ ಮನೆಗೆ ಕೊಡಬೇಕು, ಅನ್ನ ತಿನ್ನುವವರೆಗೂ ಅದು ಅಲ್ಲೇ ಬೆಳೆಯಬೇಕು. ಹೆತ್ತವಳು ಹೋಗಿ ನೋಡಬಹುದು, ಎತ್ತಿಕೊಳ್ಳುವ ಹಾಗಿಲ್ಲ, ವಾಸನೆ ಬದಲಾದರೆ ಕೂಸಿಗೆ ಗಲಿಬಿಲಿಯಾಗುತ್ತದಂತೆ. ಕೂಸು ಬದುಕಲಿ ಎಂದೇ ಮಾಡಿದ ಕಟ್ಟಳೆ. ಕೆಟ್ಟ ಮನಸ್ಸಿನಿಂದ ಮಾಡಿದ್ದು ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ಹೆತ್ತೆ. ಹೆಣ್ಣು ಕೂಸು, ತಲೆ ತುಂಬ ಕೂದಲು, ಅಪ್ಪನ ಹಾಗೆ ಅಗಲ ಹಣೆ. ಚಿಕ್ಕಣ್ಣ ನಮ್ಮ ಸೂರಿಗೆ ತನ್ನ ಕೈಯಲ್ಲಿದ್ದ ಒಳ್ಳೆಯ ಹತ್ತಿಯನ್ನೆಲ್ಲ ಹಾಕಿ ಮೆತ್ತೆ ಕಟ್ಟಿದ್ದ, ಕೆಂಪು ಬಟ್ಟೆಯ ಅಂಚು ಕೊಟ್ಟು. ಕೂಸು ಅದನ್ನು ಕೆಳಗಿನಿಂದ ನೋಡುತ್ತ ಮಲಗಿತ್ತು.

ಅತ್ತೆಯ ಹೆಸರು ಬೋರಮ್ಮ. ಮಾತು ಕಡಿಮೆ, ಕೆಲಸ ಜಾಸ್ತಿ. ನನಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು ಎಲ್ಲ ಮಾಡಿ ಹಾಕಿದಳು. ಜೊತೆಗೆ ಪಾವಿನವರಿಗೆ ಊರು ಮಾಡುವ ಉಪಾಯವನ್ನೂ ಮಾಡಿದಳು. "ಸಣ್ಣ ಪಾತ್ರೆ ತಾಯಿ. ಆಗಾಗ ಮೊಗೆದ್ರೆ ತಳ ಕಾಣುತ್ತೆ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಕುಡ್ಸು. ನಡುವೆ ತುಂಬ್ಕೊಳ್ಲಿ ಬಿಡು." ಕೇಳಲು ಎಷ್ಟು ಸರಿಯಾದ ಮಾತು! ನಾನೂ ಒಪ್ಪಿದೆ. ನಡುವೆ ಕೂಸು ಅತ್ತರೆ ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಒಳಲೆಯಲ್ಲಿ ಹಸುವಿನ ಹಾಲು ಹನಿಸುತ್ತಿದ್ದಳು. ಹಸುವಿನ ಹಾಲಿಗೆ ಕೂಸು ಬದುಕುತ್ತದೆ, ಆದರೆ ಏಳುವುದಿಲ್ಲ, ಅದು ನಮ್ಮೂರಿನ ಕೂಸುಗಳ ಹಟ.

ಮೊದಮೊದಲು ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ನೋಯುತ್ತಿತ್ತು. ಅತ್ತೆ "ನೋಡು, ತುಂಬ್ತಾ ಅದೆ" ಅಂದಳು. ಆಮೇಲೆ ದಿನದಿನಕ್ಕೆ ನೋವು ಕಡಿಮೆಯಾಯಿತು, ಗಟ್ಟಿಯೂ ಕಡಿಮೆಯಾಯಿತು, ಹಾಲೂ ಕಡಿಮೆಯಾಯಿತು. ಬೆಳಗ್ಗೆ ಕೂಸು ಬಾಯಿ ಹಾಕಿ ಎಳೆದು, ಬಿಟ್ಟು, ನನ್ನ ಮುಖ ನೋಡಿ ಅಳುತ್ತಿತ್ತು. ನಾನು ಇನ್ನೂ ತಡೆದುಕೊಂಡೆ, ಇನ್ನೂ ತುಂಬಲಿ ಅಂತ. ಚಿಕ್ಕಣ್ಣ ಕೆಲಸದಿಂದ ಬಂದವನೇ ತೊಟ್ಟಿಲೊಳಗೆ ಕೂಸಿನ ಬೆನ್ನ ಕೆಳಗೆ ಕೈ ತೂರಿಸಿ ನೋಡುವನು. ಬಟ್ಟೆಗೆ ಅಂಟಿಕೊಂಡೇ ಇರುತ್ತಿತ್ತು. "ಭಾರವಾಗವ್ಳೆ, ಒಳ್ಳೇದೇ ಅಲ್ವಾ" ಅನ್ನುವನು ಪಾಪ.

ಹೆಸರಿಡುವ ದಿನ ಹತ್ತಿರ ಬಂತು. ಅತ್ತೆ ಒಂದು ಬೆಳಗ್ಗೆ ಏನೂ ಹೇಳದೆ ಹೋಗಿ ಮಂಚಮ್ಮನನ್ನು ಕರೆದುಕೊಂಡು ಬಂದಳು.

ಮಂಚಮ್ಮ ಊರಿಗೇ ಹೆಸರಾದ ಸೇರಿನವಳು. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಅವಳ ಚಿಕ್ಕ ಮಗ ಸೂರಿನ ಹತ್ತಿರ ಗೊರಕೆ ಹೊಡೆಯುತ್ತ ಬಂದ, ದಾರ ಅವಳ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ಕಂಕುಳಲ್ಲಿ ಒಂದು ಮೊರ, ಮೊರದಲ್ಲಿ ಅವರೆಕಾಯಿ. "ಕೂತ್ಕೊಂಡು ಸುಮ್ನೆ ಇರಕ್ಕೆ ನಂಗೆ ಬರಲ್ಲ ಬೋರಕ್ಕ, ಕಾಯಿ ಬಿಡಿಸ್ತೀನಿ" ಅಂತ ನನ್ನ ಎದುರು ಕೂತಳು. ಅತ್ತೆ ಅಡುಗೆ ಮನೆಗೆ ಹೋದ ಮೇಲೆ ನನ್ನ ಮುಖ ನೋಡಿದಳು. ಕೂಸಿನ ಮುಖ ನೋಡಿದಳು.

"ಎಷ್ಟು ಸಲ ಕುಡಿಸ್ತೀಯೇ?"

"ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಅಕ್ಕ. ನಡುವೆ ತುಂಬ್ಕೊಳ್ಲಿ ಅಂತ ಬಿಟ್ಟಿರ್ತೀವಿ."

"ಏನು ತುಂಬ್ಕೊಳ್ಲಿ ಅಂತ?"

"ಹಾಲು."

ಮಂಚಮ್ಮ ನಕ್ಕ ನಗೆಗೆ ಮೇಲಿದ್ದ ಅವಳ ಮಗ ಬೆಚ್ಚಿ ಕಣ್ಣು ಬಿಟ್ಟ. "ಅಲ್ವೇ, ಅದೇನು ಹಂಡೆನಾ? ಒಂದು ಮಾತು ಕೇಳ್ತೀನಿ. ನನ್ನ ಮೊದಲನೇ ಮಗಳು ಯಾವಾಗ ಎದ್ಲು ಗೊತ್ತಾ? ಹೆಸರಿಡೋ ಹಿಂದಿನ ದಿನ. ಅಲ್ಲೀವರ್ಗೂ ಒರಳುಕಲ್ಲು ಹಂಗೆ ಬಿದ್ದಿದ್ಲು. ಯಾರಾದ್ರೂ ಬಂದು ನೋಡಿದ್ರಾ? ಸೇರಿನವಳ ಮನೆಗೆ ನೋಡಕ್ಕೆ ಯಾರು ಬರ್ತಾರೆ! ಹಾಲು ಇದ್ದೇ ಇರುತ್ತೆ ಅಂದ್ಕೊಂಡ್ರು. ನಂಗೆ ಯಾರೂ ಕಾದಿರು ಅನ್ಲಿಲ್ಲ, ತಡಿ ಅನ್ಲಿಲ್ಲ. ಅತ್ಲು, ಕೊಟ್ಟೆ. ಮುಲುಗಿದ್ಲು, ಕೊಟ್ಟೆ. ನಂಗೆ ಬೇಜಾರಾಯ್ತು, ಆಗ್ಲೂ ಕೊಟ್ಟೆ. ಕುಡೀತಾ ಕುಡೀತಾ ಹಾಲು ಬಂತು."

"ನಿಮ್ದು ಸೇರು ಅಕ್ಕ" ಅಂದೆ.

ಅವಳು ಕಾಯಿ ಬಿಡಿಸುವ ಕೈಯಲ್ಲೇ ತನ್ನ ಎದೆ ತೋರಿಸಿದಳು. "ಇದನ್ನ ಹಾಲು ಅಂದ್ಕೊಂಡಿದ್ದೀಯಾ? ಕೊಬ್ಬು ಕಣೇ! ನನ್ನ ಸೊಂಟ ಇಲ್ವಾ, ಅದರ ತಂಗಿ ಇದು. ಮದ್ವೆಗೆ ಮುಂಚೆನೂ ಇಷ್ಟೇ ಇತ್ತು, ಆಗೇನು ಹಾಲಿತ್ತಾ? ನಿಂಗೂ ಒಳಗೆ ಅದೇ ಇರೋದು, ಮೇಲಿನ ಹೊದಿಕೆ ತೆಳ್ಳಗಿದೆ ಅಷ್ಟೆ. ಕೂಸು ಎಳೀಬೇಕು, ಅದು ಬರ್ಬೇಕು. ಎಳೀದೆ ಇದ್ರೆ ಅದಕ್ಕೆ ಹೆಂಗೆ ಗೊತ್ತಾಗ್ಬೇಕು, ಇಲ್ಲೊಬ್ಬಳು ಹಸ್ಕೊಂಡವ್ಳೆ ಅಂತ?"

ಇದನ್ನು ಅವಳು ಎಲ್ಲೂ ಓದಿದವಳಲ್ಲ, ನಾನೂ ಅಲ್ಲ. ಆದರೆ ಆ ಮಾತು ಕೇಳಿದ ಕೂಡಲೇ ನನಗೆ ಎದೆ ಗಟ್ಟಿಯಾಗಿ ನೋಯುತ್ತಿದ್ದ ಆ ಮೊದಲ ದಿನಗಳು ನೆನಪಾದವು. ಆಗ ಅದು ಬಂದಿತ್ತು. ಬಂದು, ಕಾದು, ಹೋಗಿತ್ತು.

"ಹಂಗಾದ್ರೆ ನೀವು ಇದನ್ನ ಊರಿಗೆ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳ್ದೆ. ಸೇರಿನವಳಿಗೇನು ಗೊತ್ತು ಪಾವಿನವಳ ಕಷ್ಟ, ಜಂಬ ಮಾಡ್ತಾಳೆ ಅಂದ್ರು." ಮಂಚಮ್ಮ ಒಂದು ಕಾಯಿಯನ್ನು ಬಿಡಿಸದೆ ಕೈಯಲ್ಲೇ ಹಿಡಿದುಕೊಂಡು ಕೂತಳು. "ನಂಗೂ ಸಾಕಾಗಿದೆ ಕಣೇ. ಊರಿನ ಕೂಸೆಲ್ಲ ತಂದು ನನ್ನ ಮಡಿಲಿಗೆ ಹಾಕ್ತಾರೆ. ಹಾಲು ಕೊಡೋದು ಕಷ್ಟ ಅಲ್ಲ. ಆ ಅವ್ವಂದಿರು ಬಂದು ನಮ್ಮ ಬೇಲಿ ಹತ್ರ ನಿಂತ್ಕೋತಾರಲ್ಲ, ಅದನ್ನ ನೋಡಕ್ಕಾಗಲ್ಲ. ಒಳಗೆ ಬನ್ರೇ ಅಂದ್ರೆ ಬರಲ್ಲ. ನಮ್ಮವ್ವನೂ ಸೇರಿನವಳೇ. ನಿನ್ನ ಗಂಡ ನಮ್ಮವ್ವನ ಹಾಲು ಕುಡಿದು ಬೆಳೆದೋನು, ಗೊತ್ತಾ?"

ನನಗೆ ಗೊತ್ತಿರಲಿಲ್ಲ. "ನಮ್ಮತ್ತೆ...?"

"ಪಾವು. ನಿಂಗಿಂತ ಸಣ್ಣ ಪಾವು. ನಾನಾಗ ಸಣ್ಣ ಹುಡುಗಿ. ಬೋರಕ್ಕ ದಿನಾ ಬರೋರು. ಬೇಲಿ ಹಿಡ್ಕೊಂಡು ನಿಂತು, ಮಗ ಮೇಲೆ ತೇಲೋದನ್ನ ನೋಡ್ಕೊಂಡು, ಒಂದು ಮಾತೂ ಆಡ್ದೆ ಹೋಗೋರು."

ಅಡುಗೆ ಮನೆಯಲ್ಲಿ ಅತ್ತೆ ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳುತ್ತಿತ್ತು. ಅವಳಿಗೆ ಮಾತು ಯಾಕೆ ಕಡಿಮೆ ಅಂತ ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ.

ಮಂಚಮ್ಮ ಎದ್ದು, ನನಗೆ ಕಣ್ಣು ಮಿಟುಕಿಸಿ, ಅಡುಗೆ ಮನೆಯ ಬಾಗಿಲಿಗೆ ಹೋಗಿ ಗಟ್ಟಿಯಾಗಿ ಹೇಳಿದಳು. "ಬೋರಕ್ಕ, ಕೂಸು ನಮ್ಮನೆಗೆ ಬರೋಕೆ ಮುಂಚೆ ನನ್ನ ವಾಸ್ನೆ ಹಿಡ್ಕೋಬೇಕು. ಹೆಸರಿಡೋವರ್ಗೂ ನಾನೇ ಬರ್ತೀನಿ, ದಿನವಿಡೀ ಇರ್ತೀನಿ. ದೇವೀರಿನೂ ಕೋಣೇಲೇ ಇರ್ಲಿ. ಬಾಗ್ಲು ಹಾಕ್ಕೋತೀವಿ, ಯಾರೂ ಬರ್ಬಾರ್ದು, ದೃಷ್ಟಿ ಆಗುತ್ತೆ. ನಾನು ಮನೆಗೆ ಹೋದ್ಮೇಲೆ ಅತ್ತರೆ ಅವಳ ಪಕ್ಕದಲ್ಲೇ ಹಾಕಿ, ಒಳಲೆ ಮುಟ್ಬೇಡಿ." ಅತ್ತೆ ಅವಳನ್ನೇ ನೋಡಿ "ಆಗ್ಲಿ" ಅಂದಳು.

ಹಾಗೆ ನಾವು ಇಬ್ಬರು ಹೆಂಗಸರು, ಎರಡು ಕೂಸು, ಒಂದು ಮೊರ ಅವರೆಕಾಯಿ ಕೋಣೆ ಸೇರಿದೆವು. ನನ್ನ ಬದುಕಿನಲ್ಲಿ ಅಷ್ಟು ನಕ್ಕ ದಿನಗಳು ಬೇರೆ ಇಲ್ಲ. ಮಂಚಮ್ಮ ಕಾಲು ಚಾಚಿ ಗೋಡೆಗೆ ಒರಗಿ ಕಾಯಿ ಬಿಡಿಸುತ್ತ ಊರಿನ ಸುದ್ದಿ ಹೇಳುವಳು, ನಾನು ಕೂಸಿಗೆ ಎದೆ ಕೊಟ್ಟು ಕೂರುವೆ. "ತುದಿ ಮಾತ್ರ ಹಿಡಿಸ್ಬೇಡ್ವೇ, ಅದೇನು ಬೀಡಿನಾ? ಬಾಯಿ ತುಂಬ ಹಿಡಿಸು. ಹಾಂ, ಗಲ್ಲ ಒತ್ತಿರ್ಬೇಕು." ಒಂದು ಕಡೆ ಮುಗಿದರೆ ಇನ್ನೊಂದು ಕಡೆ. ಕೂಸು ಕೆನ್ನೆಯಾಡಿಸಿದರೆ ಮತ್ತೆ. ತನ್ನ ಮದುವೆಯ ಕಥೆ ಹೇಳಿದಳು. ಗಂಡಿನ ಕಡೆಯವರು ಅವಳ ಎದೆ ನೋಡಿಯೇ ಒಪ್ಪಿಕೊಂಡರಂತೆ, ಮದುವೆಯ ದಿನ ಅವಳು ಕುಂಟುತ್ತ ಬಂದಾಗಲೇ ಅವಳಿಗೊಂದು ಕಾಲು ಗಿಡ್ಡ ಅಂತ ಗೊತ್ತಾಗಿದ್ದಂತೆ. "ಅಲ್ಲೀವರ್ಗೂ ಕಾಲೂ ಇದಾವೆ ಅಂತ ಯಾರೂ ನೋಡೇ ಇರ್ಲಿಲ್ಲ!"

ನಗುವಾಗಲೂ ಒಳಗೊಂದು ಕಲ್ಲು ಇದ್ದೇ ಇತ್ತು. ಮೊದಲ ದಿನ ಏನೂ ಬದಲಾಗಲಿಲ್ಲ. ಮಾರನೆಯ ದಿನವೂ ಇಲ್ಲ. ಕೂಸು ಎಳೆಯುತ್ತಿತ್ತು, ಅಳುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಒಂದು ಸಂಜೆ ನಾನು ಸೋತು, "ಅಕ್ಕ, ನನ್ನಲ್ಲಿ ಇಲ್ಲ. ನೀವೇ ಕೊಡಿ ಅವಳಿಗೆ, ನಾನು ಬೇಲಿ ಹತ್ರ ನಿಂತ್ಕೋತೀನಿ ಬಿಡಿ" ಅಂದೆ.

ಮಂಚಮ್ಮ ಅವತ್ತು ನಗಲಿಲ್ಲ. "ಹಸ್ಕೊಂಡ್ರೆ ಕೊಡ್ತೀನಿ, ಉಪವಾಸ ಕೆಡವಲ್ಲ ನಿನ್ನ ಮಗಳನ್ನ. ಆದ್ರೆ ಮೊದ್ಲು ನಿಂದು, ಆಮೇಲೆ ನಂದು. ಇದೊಂದು ಮಾತು ಮೀರ್ಬೇಡ" ಅಂದಳು. ಎರಡು ಮೂರು ಸಲ ಹಾಗೆ ಕೊಟ್ಟಳು ಕೂಡ, ಸುಳ್ಳು ಹೇಳಬಾರದು. ಅವಳು ಕೊಟ್ಟಾಗ ಕೂಸು ಚಾಪೆಯಿಂದ ಬೆರಳಷ್ಟು ಎದ್ದು, ಕೂಡಲೇ ಇಳಿಯಿತು. ಅದು ಏಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗ, ಇನ್ನೊಬ್ಬಳ ಹಾಲಿನಿಂದ. ಹೇಗಿತ್ತು ಅಂತ ಹೇಳಲು ನನಗೆ ಬರುವುದಿಲ್ಲ. ಮತ್ತೆ ಕೂಸನ್ನು ಎತ್ತಿ ನನ್ನ ಎದೆಗೇ ಹಾಕಿಕೊಂಡೆ.

ಅದಾದ ಮೇಲೆ ಒಂದು ಮಧ್ಯಾಹ್ನ. ಕೂಸು ಎಡಗಡೆ ಕುಡಿಯುತ್ತಿತ್ತು. ಮಂಚಮ್ಮ ನನ್ನ ರವಿಕೆಯ ಬಲಗಡೆ ನೋಡಿ, "ಬೆವರ್ತಾ ಇದ್ದೀಯೇನೇ?" ಅಂದಳು. ಮುಟ್ಟಿ ನೋಡಿದೆ. ಒದ್ದೆ. ಬೆರಳು ಮೂಸಿದೆ. ಬೆವರಲ್ಲ. ಅಷ್ಟರಲ್ಲಿ ಕೂಸಿನ ಗಂಟಲಲ್ಲಿ ಸದ್ದು ಬಂತು, ಬಾವಿಯಲ್ಲಿ ಕೊಡ ಮುಳುಗುವಾಗ ಬರುತ್ತದಲ್ಲ ಆ ಗುಳುಕ್ ಗುಳುಕ್. ಹಾಲು ಬಾಯಿಯ ಮೂಲೆಯಿಂದ ಇಳಿದು ಕಿವಿಯವರೆಗೆ ಹೋಯಿತು. ಕೂಸು ಎರಡೂ ಕಡೆ ಖಾಲಿ ಮಾಡಿ ತೇಗಿತು. ಮುಷ್ಟಿ ಸಡಿಲಿಸಿತು. ನನ್ನ ತೊಡೆ ಸ್ವಲ್ಪ ತಣ್ಣಗಾದ ಹಾಗಾಯಿತು, ಕೂಸಿಗೂ ನನಗೂ ನಡುವೆ ಗಾಳಿ ಬಂದಿತ್ತು.

"ಏಳ್ತಾ ಇಲ್ಲ ತಾನೇ? ನಂಗೆ ಹಂಗೆ ಅನ್ನಿಸ್ತಿರೋದು ತಾನೇ?" ಅಂದೆ.

ಮಂಚಮ್ಮ ಮೊರದಿಂದ ಒಂದು ಅವರೆ ಸಿಪ್ಪೆ ತೆಗೆದು ಕೂಸಿನ ಬೆನ್ನ ಕೆಳಗೆ ತೂರಿಸಿದಳು. ಅದು ಎಲ್ಲೂ ತಾಗದೆ ಆಚೆ ಕಡೆಯಿಂದ ಬಂತು. ಇನ್ನೊಂದು ಸಲ ತೂರಿಸಿದಳು, ಮತ್ತೆ ಬಂತು. ಆಮೇಲೆ ನಾನೂ ತೂರಿಸಿದೆ. ಅಷ್ಟರಲ್ಲಿ ಕೂಸು ಗೇಣು ದಾಟಿ ನನ್ನ ಮೂಗಿನ ಮಟ್ಟಕ್ಕೆ ಬಂದು, ಅಲ್ಲಿಂದಲೂ ಹೋಗಿ, ಮಂಚಮ್ಮನ ಮಗನ ಪಕ್ಕಕ್ಕೆ ಸೇರಿತು. ದಾರವನ್ನೇ ಕಟ್ಟಿರಲಿಲ್ಲ! ಮಂಚಮ್ಮ ಗಿಡ್ಡ ಕಾಲಲ್ಲಿ ಕುಪ್ಪಳಿಸಿ ಪಾದ ಹಿಡಿದಳು. ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು, ಅತ್ತೆವು, ಯಾವುದು ಯಾವುದು ಅಂತ ತಿಳಿಯದ ಹಾಗೆ.

"ಈಗ್ಲೇ ಹೋಗಿ ಹೇಳ್ತೀನಿ" ಅಂತ ನಾನು ಎದ್ದೆ.

"ಕೂತ್ಕೋ. ಏನು ಹೇಳ್ತೀಯ? ಒಳಗೆ ನಾನಿದ್ದೆ. ಮಂಚಮ್ಮನ ಹಾಲು ಅಂತಾರೆ. ನಾಳೆ ಆಡ್ಕೊಂಡು ಕೂಸನ್ನ ನಮ್ಮನೆಗೇ ಕಳಿಸ್ತಾರೆ. ಸುಮ್ನೆ ಕುಡಿಸ್ತಾ ಇರು. ನೋಡೋಣ" ಅಂದಳು. ಅದು ನಿಜವೇ ಆಯಿತು. ಬಾಗಿಲು ತೆಗೆದಾಗ ತೇಲುವ ಕೂಸನ್ನು ನೋಡಿ ಚಿಕ್ಕಣ್ಣ ಕುಣಿದಾಡಿ ಮಂಚಮ್ಮನ ಕಾಲಿಗೆ ಬಿದ್ದ. ಅಕ್ಕಪಕ್ಕದವರು "ಸೇರು ಅಂದ್ರೆ ಸೇರೇ" ಅಂದರು. ಅತ್ತೆ ನನ್ನ ಒದ್ದೆ ರವಿಕೆಯನ್ನು ನೋಡಿ ಒಗೆಯಲು ಇಸಿದುಕೊಂಡಳು, ಅಷ್ಟೆ.

ಹೆಸರಿಡುವ ದಿನ ಬೀದಿಗೆ ಬೀದಿಯೇ ನಮ್ಮ ಅಂಗಳದಲ್ಲಿತ್ತು. ಹೋಳಿಗೆ, ಪಾಯಸ, ಕೋಸಂಬರಿ. ಊಟಕ್ಕೆ ಮುಂಚೆ ಹೆಸರು, ಹೆಸರಾದ ಕೂಡಲೇ ಕೂಸನ್ನು ಮಂಚಮ್ಮನ ಮಡಿಲಿಗೆ ಹಾಕುವುದು ಅಂತ ಹಿರಿಯರು ಮಾತಾಡಿಕೊಂಡಿದ್ದರು; ಕೂಸು ಎದ್ದದ್ದು ಅವಳ ಹಾಲಿಗೆ ತಾನೇ, ಇನ್ನು ಹೆತ್ತವಳ ಹತ್ತಿರ ಬಿಟ್ಟರೆ ಮತ್ತೆ ಬೀಳುತ್ತದೆ ಅಂತ. ನಾನು ಬೆಳಗ್ಗೆ ಚೆನ್ನಾಗಿ ಕುಡಿಸಿದ್ದೆ, ಕೂಸು ತೊಟ್ಟಿಲ ಮೇಲೆ ಮೊಳದೆತ್ತರ ನಿಂತಿತ್ತು. ಆದರೆ ಹೆಸರು ಹೇಳಬೇಕಾದ ನನ್ನ ನಾದಿನಿ ಪುಟ್ಟಗೌರಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬಂದವಳು ಸೀರೆಗೆ ಕೆಸರು ಹಾರಿದೆ ಅಂತ ಬದಲಾಯಿಸಲು ಹೋದಳು. ಬದಲಾಯಿಸಿ ಬಂದವಳಿಗೆ ರವಿಕೆ ಹೊಂದುತ್ತಿಲ್ಲ ಅಂತ ಮತ್ತೆ ಹೋದಳು. ಕೂಸಿಗೆ ಸೀರೆಯ ಗೊಡವೆ ಇದೆಯಾ? ಹಸಿವಾಯಿತು. ಇಳಿಯತೊಡಗಿತು. ಗೇಣು, ಅರ್ಧ ಗೇಣು, ಕೊನೆಗೆ ತೊಟ್ಟಿಲಿಗೆ ಇಳಿದು ಬಾಯಿ ತೆರೆದು ಅತ್ತಿತು.

"ಅಯ್ಯೋ, ಇಳೀತು! ಮಂಚಮ್ಮ ಎಲ್ಲಿ? ಮಂಚಮ್ಮನ್ನ ಕರೀರೇ!" ಹೆಂಗಸರೆಲ್ಲ ಕೂಗಿದರು. ಲಿಂಗಾಜಮ್ಮ ಮೂಲೆಯಿಂದ "ನಾನು ಅವತ್ತೇ ಹೇಳಿರ್ಲಿಲ್ವಾ, ಸಡ್ಲ ಪಾವು ಅಂತ" ಅಂದಳು. ಮಂಚಮ್ಮ ಕಂಬಕ್ಕೆ ಒರಗಿ ಕೂತಿದ್ದವಳು ನನ್ನ ಕಡೆ ನೋಡಿದಳು. ನಾನು ಏಳಬೇಕು. ಏಳಲಿಲ್ಲ. ಅಷ್ಟು ಕಣ್ಣುಗಳು, ಎಲ್ಲವೂ ನನ್ನ ಎದೆಯ ಮೇಲೆ. ಒಂದು ವೇಳೆ ಇಲ್ಲೇ, ಎಲ್ಲರ ಎದುರಿಗೇ ಬರದಿದ್ದರೆ?

ಆಗ ಅತ್ತೆ ಮಾತಾಡಿದಳು. ಪಾಯಸದ ಸೌಟು ಕೈಯಲ್ಲೇ ಇತ್ತು.

"ಅವಳ್ಯಾಕೆ? ಹೆತ್ತವಳಿಲ್ವಾ?"

"ಪಾವಲ್ವೇ ಬೋರಕ್ಕ ಅವಳು" ಅಂದರು ಯಾರೋ.

"ಪಾವೇ. ಬಾಗಿಲ ಸಂದೀಲಿ ನೋಡಿದೀನಿ. ಮಂಚಮ್ಮ ಅವರೆಕಾಯಿ ಬಿಡಿಸ್ತಾ ಕೂತಿದ್ಲು, ಕುಡಿಸಿದೋಳು ನನ್ನ ಸೊಸೆ. ಒಂದಿನ ಅಲ್ಲ, ದಿನಾ ನೋಡಿದೀನಿ. ಕೂಸು ಎದ್ದಿದ್ದೂ ನೋಡಿದೀನಿ, ಇವರಿಬ್ರು ಸೆರಗು ಕಚ್ಕೊಂಡು ನಕ್ಕಿದ್ದೂ ನೋಡಿದೀನಿ." ಅತ್ತೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಊರು ಯಾವತ್ತೂ ಕೇಳಿರಲಿಲ್ಲ. "ಏಳು ದೇವೀರಿ. ಕೂಸು ಅಳ್ತದೆ."

ಎದ್ದೆ. ಕೂಸನ್ನು ಎತ್ತಿಕೊಂಡು ಅಂಗಳದ ನಡುವೆಯೇ ಕೂತು, ಸೆರಗು ಹೊದೆದು ಎದೆ ಕೊಟ್ಟೆ. ಮೊದಲು ಏನೂ ಇಲ್ಲ. ಒಣಗಿದ ಹಾಗಿತ್ತು. ಮಂಚಮ್ಮ ಬಂದು ಪಕ್ಕದಲ್ಲಿ ಕೂತು, ಯಾರಿಗೂ ಕೇಳದ ಹಾಗೆ, "ಪುಟ್ಟಗೌರಿ ರವಿಕೆ ಯಾಕೆ ಹೊಂದಲ್ಲ ಗೊತ್ತಾ? ಅವಳೂ ಒಳಗೆ ಬಟ್ಟೆ ಇಡ್ತಾಳೆ, ಒಂದೊಂದು ದಿನ ಒಂದೊಂದು ಅಳತೆ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಕೂಡಲೇ ಜುಮ್ಮೆಂದು ಇಳಿಯಿತು. ಗುಳುಕ್ ಗುಳುಕ್ ಸದ್ದು ಸೆರಗಿನ ಒಳಗಿನಿಂದ ಅಂಗಳಕ್ಕೆಲ್ಲ ಕೇಳಿತು, ಅಷ್ಟು ಸುಮ್ಮನಿದ್ದರು ಜನ.

ಸ್ವಲ್ಪ ಹೊತ್ತಿಗೆ ನನ್ನ ಸೆರಗು ತಾನಾಗಿ ಎದ್ದಿತು. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡೇ ಕೂಸು ಮೇಲೆ ಹೋಯಿತು, ಅರ್ಧ ಸೀರೆ ಅದರ ಹಿಂದೆ. ನಾನು ಸೀರೆ ಹಿಡಿದುಕೊಳ್ಳಲೋ ಕೂಸನ್ನು ಹಿಡಿದುಕೊಳ್ಳಲೋ ಅನ್ನುವಷ್ಟರಲ್ಲಿ ಅದು ಚಪ್ಪರದ ಮಾವಿನೆಲೆಗೆ ಮೂಗು ತಾಗಿಸಿ ಸೀನಿತು. ಪುಟ್ಟಗೌರಿ ಓಡಿ ಬಂದು ಮಣೆ ಹತ್ತಿದಳು, ಸಾಲಲಿಲ್ಲ. ಒರಳು ಹತ್ತಿದಳು, ಸಾಲಲಿಲ್ಲ. ಕೊನೆಗೆ ಕೆಳಗಿನಿಂದಲೇ ಕೈಯನ್ನು ಬಾಯಿಯ ಸುತ್ತ ಹಿಡಿದು, ಕಿವಿಯಲ್ಲಿ ಪಿಸುಗುಟ್ಟಬೇಕಾದ ಹೆಸರನ್ನು "ಹೊಂಬಾಳಮ್ಮಾ!" ಅಂತ ಇಡೀ ಬೀದಿಗೆ ಕೂಗಿದಳು.

ಲಿಂಗಾಜಮ್ಮ ಚೀಲದಿಂದ ಪಾವನ್ನು ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಅಳತೆ ತಪ್ಪಿಲ್ಲ ಕಣ್ರೇ. ಪಾವೇ ಅವಳು."

"ಅಳತೆ ಸರಿ ಅಜ್ಜಿ" ಅಂದಳು ಮಂಚಮ್ಮ. "ಆದ್ರೆ ನೀನು ಅಳೆದಿದ್ದು ರವಿಕೇನ."

ಮುದುಕಿ ಸಿಟ್ಟಾಗುತ್ತಾಳೆ ಅಂದುಕೊಂಡೆವು. ಅವಳು ಕೂಸನ್ನೂ ನೋಡಿ, ಪಾವನ್ನೂ ನೋಡಿ, ಅದನ್ನು ಅತ್ತೆಯ ಮುಂದೆ ಚಾಚಿದಳು. "ಹಂಗಾದ್ರೆ ಇದರಲ್ಲಿ ಪಾಯಸನಾದ್ರೂ ಹಾಕು ಬೋರಿ." ಅತ್ತೆ ಹಾಕಿದಳು. ಮುದುಕಿ ಕುಡಿದು ಮತ್ತೆ ಚಾಚಿದಳು. ಮಂಚಮ್ಮನ ಮಡಿಲಿಗೆ ಕೂಸು ಹಾಕುವ ಮಾತನ್ನು ಯಾರೂ ಎತ್ತಲಿಲ್ಲ. ಆ ಸಂಜೆಯೇ ಆಚೆ ಬೀದಿಯ ಇಬ್ಬರು ಪಾವಿನ ಹುಡುಗಿಯರು ಮಂಚಮ್ಮನ ಬೇಲಿ ದಾಟಿ ಒಳಗೇ ಹೋದರಂತೆ, ತಮ್ಮ ತಮ್ಮ ಕೂಸನ್ನು ಎದೆಗೆ ಹಾಕಿಕೊಂಡು.

ನಮ್ಮನೆಯ ಊಟ ಮುಗಿಯುವಾಗ ಬಿಸಿಲು ಇಳಿದಿತ್ತು. ಎಲ್ಲರಿಗೂ ಬಡಿಸಿದ್ದ ಚಿಕ್ಕಣ್ಣ ಕೊನೆಯ ಪಂಕ್ತಿ ಎದ್ದ ಮೇಲೆ ಒಬ್ಬನೇ ಎಲೆ ಹಾಕಿಕೊಂಡು ಕೂತ. ಅತ್ತೆ ಹೋಳಿಗೆಯ ಬುಟ್ಟಿ ತಂದು ಅವನ ಎದುರು ಕೂತಳು. ಯಾವತ್ತೂ ಹಾಗೆ ಕೂತವಳಲ್ಲ, ಬಡಿಸಿ ಒಳಗೆ ಹೋಗುವವಳು. ಒಂದು ಹೋಳಿಗೆ ಹಾಕಿದಳು, ತುಪ್ಪ ಹಾಕಿದಳು. ಅವನು ತಿಂದ. ಇನ್ನೊಂದು ಹಾಕಿದಳು. ಅವನು ಅದನ್ನೂ ತಿಂದ. ಮತ್ತೊಂದು.

"ಸಾಕು ಕಣವ್ವ."

"ತಿನ್ನು."

"ಹೊಟ್ಟೆ ತುಂಬ್ತು ಅವ್ವ, ಏಳಕ್ಕೂ ಆಗ್ತಿಲ್ಲ."

"ಯಾರು ಏಳು ಅಂದ್ರು ನಿನ್ನ?" ಅತ್ತೆ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಮೀಸೆ ಬಂದ ಮಗನ ಬಾಯಿಯ ಹತ್ತಿರ ತಂದಳು. "ನಂಗೂ ಇತ್ತು ಕಣೋ. ನಿಂಗೆ ಸಾಲೋವಷ್ಟು ಇತ್ತು. ಬಾಯಿ ತೆಗಿ."

ಚಿಕ್ಕಣ್ಣನಿಗೆ ಏನು ಅರ್ಥವಾಯಿತೋ, ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಬಾಯಿ ತೆರೆದ.